ಒಂಬತ್ತನೇ ಪ್ರಶ್ನೆಗೆ ನಾನು ಬರೆದ ಉತ್ತರ

ಕಲಬುರಗಿ
೨೧೫೦ನೇ ಇಸವಿ, ಫೆಬ್ರವರಿ ೩೦

ಶಾಂತಿಪ್ರಿಯಾ ಅವರಿಗೆ ನಮಸ್ಕಾರಗಳು.

ತಾರೀಖು ತಪ್ಪಿಲ್ಲ. ನಿಮ್ಮ ಕಾಲದ ನಂತರ ತಿಂಗಳುಗಳನ್ನು ಸಮ ಮಾಡುವಾಗ ಫೆಬ್ರವರಿಗೂ ಮೂವತ್ತು ದಿನ ಕೊಟ್ಟರು. ನನ್ನ ಮಾತುಗಳು ನಿಮಗೆ ವಿಚಿತ್ರ ಅನಿಸಿದರೆ ಸಾರಿ. ಐದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲೇ ಇದ್ದವಳು, ನನ್ನ ಕನ್ನಡ ಅರ್ಧಕ್ಕರ್ಧ ಇಂಗ್ಲಿಷ್. ಹೆಸರು ಜೆರುಶಾ, ನರ್ಸಿಂಗ್ ಮೊದಲ ವರ್ಷ. ನೀವು ನನ್ನ ಅಜ್ಜಿಯ ಅಜ್ಜಿಯ ತಾಯಿ, ನಮ್ಮ ಮನೆತನದ ಮೊದಲ ನರ್ಸ್. ಆದರೆ ಇದು ಕೈಗೆ ಸಿಗುವಾಗ ನಿಮಗೆ ಇಪ್ಪತ್ತೆರಡು, ಇನ್ನೂ ಮದುವೆಯಾಗಿರುವುದಿಲ್ಲ. ಹಾಗಾಗಿ ಅಜ್ಜಿ ಅನ್ನಲು ನಾಚಿಕೆ. ಹಿಂದಿನವರಿಗೆ ಕಾಗದ ಒಯ್ಯುವ ಹಿಂಟಪಾಲಿನಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ನನ್ನದನ್ನು ಈಗಲೇ ಖರ್ಚು ಮಾಡುತ್ತಿದ್ದೇನೆ, ಈ ಬೆಂಚಿನ ಮೇಲೆ ಕೂತು ಯಾರಿಗೂ ಹೇಳಲಾಗುತ್ತಿಲ್ಲ ಎಂದು.

ಎದುರಿನ ಬಾಗಿಲ ಒಳಗೆ ಮರುಮೊಹರು ಸಭೆ ನಡೆಯುತ್ತಿದೆ. ಮೊಹರು ಅಂದರೆ ನರ್ಸ್‌ನ ಬಲ ಅಂಗೈಗೆ ಅಂಟಿಸುವ ತೆಳು ಪೊರೆ, ನಿಮ್ಮ ಕಾಲದ ಲೈಸೆನ್ಸ್ ಕಾಗದದ ಮೊಮ್ಮಗಳು ಅನ್ನಿ. ಅದಿಲ್ಲದ ಕೈಗೆ ಮದ್ದಿನ ಕಪಾಟು ತೆರೆಯುವುದಿಲ್ಲ. ಅದಿಲ್ಲದವರು ರೋಗಿಯ ಗಾಯ ಮುಟ್ಟುವಂತಿಲ್ಲ. ನನ್ನ ತಾಯಿ ದಯಾಮಣಿಯ ಅಂಗೈ ಎರಡು ವರ್ಷದಿಂದ ಬರಿದಾಗಿದೆ. ನೋವಿನ ಮದ್ದು ಉಳಿದರೆ ಇನ್ನೊಬ್ಬ ನರ್ಸ್ ನೋಡುತ್ತಿರುವಾಗ ಚೆಲ್ಲಬೇಕು, ಇದಕ್ಕೆ ನಾವು ಜೋಡಿಸುರಿವು ಅನ್ನುತ್ತೇವೆ. ಒಂದು ಮಧ್ಯಾಹ್ನ ಜೊತೆಯವಳು ಹೆರಿಗೆಗೆ ಓಡಿದಾಗ ಅಮ್ಮ ಅರ್ಧ ಶೀಶೆಯನ್ನು ಒಬ್ಬಳೇ ಚೆಲ್ಲಿದಳು. ಕದ್ದಳೆಂದು ಕೇಸಾಯಿತು. ಕೋರ್ಟು ಬಿಡುಗಡೆ ಮಾಡಿತು, ಆದರೆ ಮೊಹರು ತಾನಾಗಿ ವಾಪಸ್ ಬರುವುದಿಲ್ಲ, ಅರ್ಜಿ ಹಾಕಿ ಕೇಳಬೇಕು. ಅಲ್ಲಿಯವರೆಗೆ ಅಮ್ಮ ಆಸ್ಪತ್ರೆಯ ಚಾದರ ಮಡಚುವ ಕೆಲಸ ಮಾಡಿದಳು. ಈಗ ಊರಿನವರೆಲ್ಲ ಬಿಸಿಲಿಗೆ ಹೆದರಿ ಹನ್ನೊಂದರಿಂದ ನಾಲ್ಕರವರೆಗೆ ಕದ ಹಾಕಿಕೊಳ್ಳುತ್ತಾರೆ, ಅದನ್ನು ಮುಚ್ಚುಹೊತ್ತು ಅನ್ನುತ್ತೇವೆ. ಅಮ್ಮ ಮುಚ್ಚುಹೊತ್ತು ಶುರುವಾದ ಮೇಲೆ ಮನೆಗೆ ಬರುತ್ತಿದ್ದಳು, ದಾರಿಯಲ್ಲಿ ಯಾರೂ ಸಿಗಬಾರದೆಂದು.

ಅರ್ಜಿಯ ಫಾರ್ಮ್ ಇಂಗ್ಲಿಷಿನಲ್ಲಿತ್ತು. ತುಂಬಿದವಳು ನಾನು. ಒಂಬತ್ತನೇ ಪ್ರಶ್ನೆ: ಮೊಹರು ಇಲ್ಲದ ಅವಧಿಯಲ್ಲಿ ಯಾರಿಗಾದರೂ ಶುಶ್ರೂಷೆ ಮಾಡಿದ್ದೀರಾ? ಮಾಡಿದ್ದಳು. ಪಕ್ಕದ ಮನೆಯ ವಯಸ್ಸಾದ ಮಡಿವಾಳಪ್ಪ ಮುತ್ಯಾನ ಸಕ್ಕರೆ ಕಾಯಿಲೆಯ ಪಾದ ಕೊಳೆಯುತ್ತಿತ್ತು, ಏಳು ತಿಂಗಳು ದಿನಾ ತೊಳೆದು ಪಟ್ಟಿ ಕಟ್ಟಿದಳು. "ಎಲ್ಲಾ ಬರೀ, ಒಂದೂ ಬಿಡಬ್ಯಾಡ" ಎಂದೇ ಫಾರ್ಮ್ ನನ್ನ ಕೈಗೆ ಕೊಟ್ಟಿದ್ದಳು. ನಾನು "ಇಲ್ಲ" ಎಂದು ಗುರುತು ಹಾಕಿದೆ. ಹಾಸ್ಟೆಲ್ ಕಲಿಸಿದ್ದು ಅಷ್ಟೇ, ವಾರ್ಡನ್ ಏನು ಕೇಳಿದರೂ ಮೊದಲು ಇಲ್ಲ ಅನ್ನುವುದು. ಅಮ್ಮ ಓದದೆ ಹೆಬ್ಬೆಟ್ಟು ಒತ್ತಿದಳು, ಮಗಳು ಬರೆದದ್ದಲ್ಲವೇ.

ಕೊಟ್ಟು ಬಂದ ಮೇಲೆ ಫಾರ್ಮಿನ ಬೆನ್ನಿನ ಸಣ್ಣಕ್ಷರ ಓದಿದೆ. ಮಾಡಿದ್ದನ್ನು ಹೇಳಿಕೊಂಡರೆ ಆರು ತಿಂಗಳು ಇನ್ನೊಬ್ಬರ ಕಣ್ಣಳತೆಯಲ್ಲಿ ಕೆಲಸ. ಮುಚ್ಚಿಟ್ಟರೆ ಜೀವನಪೂರ್ತಿ ಮೊಹರಿಲ್ಲ. ಬರೆದುಕೊಟ್ಟವಳು ವಿದ್ಯಾರ್ಥಿನಿಯಾಗಿದ್ದರೆ ಅವಳನ್ನು ವಾರ್ಡಿಗೆ ಬಿಡುವ ಕಿರಿಮೊಹರೂ ಹೋಗಬಹುದು.

ಇಂದು ಇನ್ನೊಂದಾಗಿದೆ. ಅರ್ಜಿ ಹಾಕಿದವರು ತಾವು ಆರೈಕೆ ಮಾಡಿದ ಒಬ್ಬರನ್ನಾದರೂ ಸಭೆಗೆ ಕರೆತರಬೇಕು, ಅವರ ಮಾತಿಗೆ ಇಲ್ಲಿ ಭಾರೀ ತೂಕ. ಅಮ್ಮ ಕರೆತಂದಿರುವುದು ಮಡಿವಾಳಪ್ಪ ಮುತ್ಯಾನನ್ನೇ. ಫಾರ್ಮಿನಲ್ಲಿ ಹೌದು ಎಂದಿದೆ ಅಂದುಕೊಂಡಿದ್ದಾಳೆ. ಅವರು ಹೊಸ ಧೋತ್ರ ಉಟ್ಟು, ಎಡಗಾಲಿನ ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಾರೆ, ಬಂದು ಹೋಗುವವರೆಲ್ಲ ನೋಡಲಿ ಎಂದು.

"ಮುತ್ಯಾ, ಕಾಲ್ ತಗೀರಿ, ದಾರಿಗೆ ಅಡ್ಡ ಆಗ್ಯಾದ" ಎಂದ ಜವಾನ.

"ಇದಕ ಕಾಲ್ ಅಂತೀಯೇನೋ? ಇದು ಸಾಕ್ಷಿ ಅದ."

ಅಮ್ಮ ಎರಡು ವರ್ಷದಲ್ಲಿ ಮೊದಲ ಸಲ ನಕ್ಕಳು.

ತಡೆಯಲಾಗದೆ, ಬರೆಯುವುದನ್ನು ಬಿಟ್ಟೆದ್ದು ಅವಳನ್ನು ನೀರಿನ ನಲ್ಲಿಯ ಹತ್ತಿರ ಕರೆದೊಯ್ದು ಹೇಳಿಬಿಟ್ಟೆ. ಬೈಯಲಿಲ್ಲ. "ಎಷ್ಟ್ ದಿನ ಆತು ಇದನ್ನ ಹೊಟ್ಟ್ಯಾಗ ಇಟ್ಕೊಂಡು?" ಎಂದಳು.

"ನಲವತ್ತೊಂದು."

"ಅದಕ್ಕ ಊಟ ಬಿಟ್ಟಿದ್ದಿ. ನಾ ಮೆಸ್ಸಿನ ಸಾರ್ ಕೆಟ್ಟಿರಬೇಕು ಅನ್ಕೊಂಡಿದ್ದೆ." ಆಮೇಲೆ ಮುಖ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ಹೇಳಿದಳು, "ನಾನೇ ಬರದೀನಿ ಅಂತೀನಿ. ನೀ ಬಾಯಿ ಬಿಚ್ಚಬ್ಯಾಡ. ನಂದು ಹೆಂಗೂ ಮುಗದದ."

ಕರೆಯುತ್ತಿದ್ದಾರೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಮತ್ತೆ ಅದೇ ಬೆಂಚು. ಒಳಗೆ ಆದದ್ದನ್ನು ಆದಂತೆ ಬರೆಯುತ್ತೇನೆ. ಮೂವರು ಕೂತಿದ್ದರು. ನಡುವಿನ ಅಧ್ಯಕ್ಷೆ ನದಾಫ್ ಮೇಡಂ ಏನಾದರೂ ಕೇಳುವ ಮೊದಲೇ ಮುತ್ಯಾ ಕಾಲೆತ್ತಿ ಕುರ್ಚಿಯ ಮೇಲಿಟ್ಟರು. "ಏಳು ತಿಂಗಳು ರೀ. ನನ್ನ ಮಗ ಮೂಗು ಮುಚ್ಕೊಂಡು ಹೊರಗ ನಿಂತ. ಈಕಿ ತೊಳದಾಳ." ಮೇಡಂ ಫಾರ್ಮ್ ತಿರುವಿ ಹಾಕಿ, ಒಂಬತ್ತರ ಮೇಲೆ ಬೆರಳಿಟ್ಟು, "ದಯಾಮಣಿಯವರೇ, ಈ ಉತ್ತರ ನಿಮ್ಮದೇನು?" ಎಂದರು.

"ಹೌದ್ರಿ" ಎಂದಳು ಅಮ್ಮ. ಧ್ವನಿ ಸ್ವಲ್ಪವೂ ಅಲುಗಲಿಲ್ಲ. ಪಕ್ಕದವರು ಪೆನ್ನು ಎತ್ತಿಕೊಂಡರು.

ನಾನು ಎದ್ದು ನಿಂತೆ. "ಮೇಡಂ, ಅದು ನನ್ನದು" ಎಂದದ್ದು ನೆನಪಿದೆ. ಅಮ್ಮ ನನ್ನ ದುಪಟ್ಟಾ ಎಳೆದು ಕೂರಿಸಲು ನೋಡಿದಳು, ಅದರ ಅಂಚು ಪರ್ ಎಂದು ಹರಿಯಿತು. ಹರಿದ ದುಪಟ್ಟಾದಲ್ಲೇ ಎಲ್ಲ ಹೇಳಿದೆ. ಅವಳು ಎಲ್ಲಾ ಬರೀ ಅಂದದ್ದು, ನಾನು ಬರೆಯದೆ ಹೋದದ್ದು, ಬೆನ್ನಿನ ಅಕ್ಷರ, ನಲ್ಲಿಯ ಹತ್ತಿರದ ಮಾತು.

"ನಿನ್ನ ಕಿರಿಮೊಹರು ಹೋಗ್ತದ, ಗೊತ್ತದೇನು?" ಎಂದರು ಮೇಡಂ.

"ಗೊತ್ತು."

"ಈಗ್ಯಾಕ ಹೇಳ್ದಿ?"

"ಅಮ್ಮ ಸುಳ್ಳು ಹೇಳಿದ್ದನ್ನ ನಾ ಯಾವತ್ತೂ ಕೇಳಿರಲಿಲ್ಲ ಮೇಡಂ. ಈಗ ಕೇಳಿದೆ" ಎಂದೆ.

ಹೊರಗೆ ಕಳಿಸಿ ಒಂದು ಗಂಟೆ ಕೂರಿಸಿದರು. ಆಮೇಲೆ ಜವಾನ ಚೀಟಿ ತಂದ. ಅಮ್ಮನಿಗೆ ಆರು ತಿಂಗಳು ಇನ್ನೊಬ್ಬ ನರ್ಸಿನ ಕಣ್ಣಳತೆಯಲ್ಲಿ ಕೆಲಸ, ನಂತರ ಮೊಹರು. ನನ್ನ ಕಿರಿಮೊಹರು ಒಂದು ವರ್ಷಕ್ಕೆ ರದ್ದು, ವಾರ್ಡಿಗೆ ಪ್ರವೇಶವಿಲ್ಲ, ಮೊದಲ ವರ್ಷ ಮತ್ತೆ ಮೊದಲಿಂದ. ಮುತ್ಯಾ ಚೀಟಿಯನ್ನು ಎರಡೆರಡು ಸಲ ಓದಿಸಿಕೊಂಡು ಚಪ್ಪಲಿ ಹಾಕಿಕೊಂಡರು. ಅಮ್ಮ ಈಗ ಬೆಂಚಿನ ಆ ತುದಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದಾಳೆ. "ಒಂದ್ ವರ್ಷ ಕಳಕೊಂಡಿ. ಸುಮ್ಮ ಕೂಡು ಅಂದ್ರ ಕೂಡಲಿಲ್ಲ" ಎಂದು ಗೋಡೆಗೆ ಹೇಳುತ್ತಿದ್ದಾಳೆ. ಆದರೆ ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದಾಳೆ.

ಶಾಂತಿಪ್ರಿಯಾ ಅವರೇ, ನಿಮ್ಮಲ್ಲಿ ಒಂದೇ ಬೇಡಿಕೆ. ಮುಂದೆ ನಿಮಗೊಬ್ಬ ಮಗಳು ಹುಟ್ಟುತ್ತಾಳೆ. ಅವಳು ಎಂದಾದರೂ ಬಂದು, ಈ ತಪ್ಪು ನನ್ನದು ಎಂದು ಹೇಳಲು ಶುರು ಮಾಡಿದರೆ, ಮಧ್ಯದಲ್ಲಿ ಬಾಯಿ ಮುಚ್ಚಿಸಬೇಡಿ. ಪೂರ್ತಿ ಕೇಳಿ, ಆಮೇಲೆ ಎಷ್ಟಾದರೂ ಬೈಯಿರಿ. ಆ ಒಂದು ಅಭ್ಯಾಸ ನಿಮ್ಮಿಂದ ಹೊರಟರೆ ನನ್ನವರೆಗೆ ಬರಲು ನೂರಿಪ್ಪತ್ತೈದು ವರ್ಷ ಸಮಯವಿದೆ. ಅಷ್ಟು ಹೇಳಲು ನನಗೆ ನಲವತ್ತೊಂದು ದಿನ ಬೇಕಾಯಿತು.

ಇಂತಿ ನಿಮ್ಮ,
ಜೆರುಶಾ