‘ಕೇಳಿ ನೋಡಿ’ಗೆ ಉತ್ತರ ಸಿಕ್ಕಿದ ದಿನ

ನನ್ನ ಪ್ರೀತಿಯ ಚಿಕ್ಕಮ್ಮ,

ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಮೊದಲು ಆರಿಸಿ ಬಾ. ಕುಳಿತುಕೊಂಡು ಓದು. ಫೋನಿನಲ್ಲಿ ಹೇಳೋಣವೆಂದರೆ ಲೈಬ್ರರಿ ಎಂಬ ಮಾತು ಬಂದ ಕೂಡಲೇ ನೀನು “ಆಮೇಲೆ ಮಾಡ್ತೀನಿ ಕಣೇ” ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಟ್ಟುಬಿಡಲು ನಿನ್ನಿಂದಾಗದು, ನನಗೆ ಗೊತ್ತು. ಔಷಧಿ ಪೊಟ್ಟಣದೊಳಗಿನ ಚೀಟಿಯನ್ನೂ ಕೊನೆಯವರೆಗೆ ಓದುವವಳು ನೀನು.

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕಾಗೆ ಕಾಲಾಗಿದೆ, ಸಹಿಸಿಕೋ. ಕ್ರಮವಾಗಿ ಹೇಳುತ್ತೇನೆ.

ಈ ವಾರ ನಮ್ಮ ಮೇಡಂ ಹೊಸದೊಂದು ಕೆಲಸ ಹಚ್ಚಿದರು. ಮುಂದಿನ ವರ್ಷ ಗ್ರಂಥಾಲಯ ವಿಜ್ಞಾನಕ್ಕೆ ಸೇರುವವರಿಗಾಗಿ ವಿಭಾಗದ ವೆಬ್‌ಸೈಟಿನಲ್ಲಿ ಒಂದು ಪುಟ ಮಾಡುತ್ತಾರಂತೆ. ಅದರಲ್ಲಿ ನಮ್ಮ ಮೆಚ್ಚಿನ ಬ್ಲಾಗುಗಳ ಹೆಸರು. ಒಬ್ಬೊಬ್ಬರೂ ಎದ್ದು ನಿಂತು ಒಂದು ಬ್ಲಾಗಿನ ಪರ ವಾದಿಸಬೇಕು. “ಬರೀ ಚೆನ್ನಾಗಿದೆ ಅಂದ್ರೆ ಕೂರಿಸಿಬಿಡ್ತೀನಿ. ಯಾಕೆ ಚೆನ್ನಾಗಿದೆ, ಅದನ್ನ ಹೇಳಿ” ಎಂದರು.

ಇವತ್ತು ಬೆಳಿಗ್ಗೆ ತರಗತಿ ಸಂತೆಯಾಗಿತ್ತು! ನಾನು ಆ ಸಿಡುಕು ಸ್ವಭಾವದ ಕ್ಯಾಟಲಾಗ್ ಮಾಡುವವರ ಬ್ಲಾಗನ್ನು ಹೇಳಿದೆ. ದೆವ್ವದ ಪುಸ್ತಕವನ್ನು ಕಥೆಯ ಕಪಾಟಿನಲ್ಲಿಡಬೇಕೋ ಇತಿಹಾಸದ ಕಪಾಟಿನಲ್ಲಿಡಬೇಕೋ ಎಂದು ಅವರು ತಮ್ಮ ಮೇಲಧಿಕಾರಿಯೊಡನೆ ಜಗಳವಾಡಿದ್ದನ್ನು ಓದಿ ಹೇಳಿದಾಗ ಮೇಡಂ ಕೂಡ ಕಣ್ಣೊರೆಸಿಕೊಂಡು ನಕ್ಕರು. ನಿನ್ನ ಬ್ಲಾಗನ್ನೇ ಹೇಳಬೇಕೆಂದು ನಾಲಗೆಯ ತುದಿಯವರೆಗೆ ಬಂದಿತ್ತು. ನಮ್ಮವರನ್ನು ನಾವೇ ಹೊಗಳಿಕೊಂಡಂತಾಗುತ್ತದೆ ಎಂದು ಸುಮ್ಮನಾದೆ. ನನ್ನ ಬಳಿಕ, ದಪ್ಪ ಕನ್ನಡಕದ ಕಾರಣಕ್ಕೆ ನಾವೆಲ್ಲ ‘ಪ್ರೊಫೆಸರ್’ ಎಂದು ಕರೆಯುವ ಹುಡುಗ ಎದ್ದ. ಹಳೆಯ ಮಾಸಪತ್ರಿಕೆಗಳ ಮುಖಪುಟಗಳನ್ನು ಹಾಕುವ ಒಂದು ಬ್ಲಾಗನ್ನು ತೋರಿಸಿದ. ಮುದ್ರಣಾಲಯ ನಡೆಸುತ್ತಿದ್ದವರೊಬ್ಬರ ಮಗಳು ಅಪ್ಪ ಅಟ್ಟದಲ್ಲಿ ಪೇರಿಸಿಟ್ಟಿದ್ದ ಕಟ್ಟುಗಳನ್ನು ಬಿಚ್ಚಿ ಹಾಕುತ್ತಿರುವುದಂತೆ. ಚಿತ್ರಗಳು ಚೆಂದವಿದ್ದವು. ಆದರೆ “ಬರೀ ಮುಖಪುಟ ನೋಡಿ ಏನು ಮಾಡೋದಪ್ಪ?” ಎಂದು ಹಿಂದಿನ ಬೆಂಚಿನವರು ಅವನ ಕಾಲೆಳೆದರು. ಪಾಪ, ಮುಖ ಸಣ್ಣದು ಮಾಡಿಕೊಂಡು ಕುಳಿತ.

ಆಮೇಲೆ ಎದ್ದವರು ‘ಸಿಸ್ಟರ್’. ನಮಗಿಂತ ದೊಡ್ಡವರು. ನರ್ಸ್ ಕೆಲಸ ಬಿಟ್ಟು ಓದಲು ಬಂದವರು. “ನಾನು ಹೇಳೋ ಬ್ಲಾಗಲ್ಲಿ ಈಗ ಹೊಸದೇನೂ ಬರ್ತಿಲ್ಲ. ಆದ್ರೂ ನಾನು ಈ ಕೋರ್ಸಿಗೆ ಸೇರಿದ್ದೇ ಅದನ್ನ ಓದಿ. ಅದರ ಹೆಸರು ‘ಕೇಳಿ ನೋಡಿ’” ಎಂದರು.

ಚಿಕ್ಕಮ್ಮ! ನಿನ್ನ ಬ್ಲಾಗು! “ಅದನ್ನ ಓದೋರು ಇಬ್ಬರೇ ಕಣೇ, ನೀನೊಬ್ಬಳು, ನಾನೊಬ್ಬಳು” ಎನ್ನುತ್ತಿದ್ದೆಯಲ್ಲ? ಅವರು ನಿನ್ನ ಗೊರಕೆಯ ಬರಹವನ್ನು ಇಡೀ ತರಗತಿಗೆ ಓದಿ ಹೇಳಿದರು. ಲೈಬ್ರರಿಯಲ್ಲಿ ನಿನ್ನ ವಿಚಾರಣೆಯ ಮೇಜಿಗೆ ಬಂದ ಒಬ್ಬರು ಗೊರಕೆಯ ಬಗ್ಗೆ ಪುಸ್ತಕ ಇದೆಯಾ ಎಂದದ್ದು, ನೀನು “ನಿಲ್ಲಿಸೋದಕ್ಕಾ?” ಎಂದು ಕೇಳಿದ್ದು, ಅವರು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ “ಅಲ್ಲಮ್ಮ, ನಮ್ಮನೆಯವಳು ಹೋದಮೇಲೆ ಗೊರಕೆ ಸದ್ದಿಲ್ದೆ ನಿದ್ದೆ ಹತ್ತುತ್ತಿಲ್ಲ” ಎಂದದ್ದು. ಮೊದಲು ನಕ್ಕ ಹಿಂದಿನ ಬೆಂಚಿನವರು ಆ ಮಾತಿಗೆ ಮುಂದಕ್ಕೆ ಬಾಗಿ ಕುಳಿತರು. “ಜನ ಮೊದಲು ಕೇಳೋ ಪ್ರಶ್ನೆ ಬೇರೆ, ಅವರಿಗೆ ಬೇಕಾಗಿರೋದು ಬೇರೆ. ಇದನ್ನ ನನಗೆ ಆಸ್ಪತ್ರೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ” ಎಂದರು ಸಿಸ್ಟರ್.

ಮೇಡಂ ಇನ್ನೊಂದು ಓದಿ ಎಂದರು. ಸಿಸ್ಟರ್ ನಿನ್ನ ಕೊನೆಯ ಬರಹವನ್ನು ತೆರೆದರು. ಬಸ್ ನಿಲ್ದಾಣದ ಮೆಟ್ಟಿಲ ಕೆಳಗಿನ ಅಂಗಡಿಯ ವಾಚ್ ರಿಪೇರಿಯವರದು. ಅವರೂ ಅವರ ಅಕ್ಕನೂ ಚಿಕ್ಕವರಿದ್ದಾಗ ಮಕ್ಕಳ ಮಾಸಪತ್ರಿಕೆಯಲ್ಲಿ ಒಂದು ಧಾರಾವಾಹಿ ಓದುತ್ತಿದ್ದದ್ದು. ಊರಿನ ಗೋಪುರದ ಗಡಿಯಾರವನ್ನು ದಿನಾ ಯಾರೋ ನಿಲ್ಲಿಸುತ್ತಾರೆ, ಯಾರೆಂದು ನೋಡಲು ಒಬ್ಬ ಹುಡುಗಿ ಒಳಗೆ ಹತ್ತುತ್ತಾಳೆ, ಕೊನೆಯ ಬಾಗಿಲ ಚಿಲಕಕ್ಕೆ ಕೈ ಹಾಕುತ್ತಾಳೆ, ಅಷ್ಟರಲ್ಲಿ ಪತ್ರಿಕೆಯೇ ನಿಂತುಹೋಗುತ್ತದೆ. ಆ ಕಥೆಯ ಹುಚ್ಚಿನಿಂದಲೇ ಇವರು ಗಡಿಯಾರದ ಕಸುಬು ಹಿಡಿದದ್ದು. ಈಗ ಅಕ್ಕನ ಕಣ್ಣು ಮಂಜಾಗುತ್ತಿದೆ, ಆ ಬಾಗಿಲ ಹಿಂದೆ ಯಾರಿದ್ದರು ಎಂದು ಅವರು ಮತ್ತೆ ಮತ್ತೆ ಕೇಳುತ್ತಾರೆ. ನೀನು ಎಷ್ಟೆಲ್ಲ ಗ್ರಂಥಾಲಯಗಳಿಗೆ ಬರೆದೆ, ಎಷ್ಟು ಮಕ್ಕಳ ಪತ್ರಿಕೆಗಳನ್ನು ಜಾಲಾಡಿದೆ ಎಂಬುದೆಲ್ಲ ಅದರಲ್ಲಿದೆ. ಕೊನೆಗೆ “ಸಿಗಲಿಲ್ಲ. ಅವರು ಈಗ ಬರುವುದನ್ನೂ ಬಿಟ್ಟಿದ್ದಾರೆ. ಕ್ಷಮಿಸಿ” ಎಂದು ಬರೆದು ನಿಲ್ಲಿಸಿಬಿಟ್ಟಿದ್ದೀಯ.

ಅದರ ಬೆನ್ನಿಗೇ ಲೈಬ್ರರಿಯವರು ನಿನ್ನ ಮೇಜನ್ನು ಎತ್ತಿಸಿ ಆ ಜಾಗದಲ್ಲಿ ಪುಸ್ತಕ ಹುಡುಕಿಕೊಡುವ ಪರದೆಯ ಯಂತ್ರ ನಿಲ್ಲಿಸಿದರು. ನಿನ್ನನ್ನು ಹಿಂದಿನ ಕೋಣೆಗೆ ಲೇಬಲ್ ಅಂಟಿಸಲು ಕಳಿಸಿದರು. ನೀನು ಕೆಲಸ ಬಿಟ್ಟು ಈ ಊರನ್ನೂ ಬಿಟ್ಟೆ. “ಈ ಓದು ನಿನಗೆ ಬೇಡ, ಯಾರಿಗೂ ಬೇಕಾಗಿಲ್ಲದ ಕೆಲಸ ಇದು” ಎಂದು ನನಗೆ ಹೇಳಿದಾಗ ನಿನ್ನ ದನಿ ಹೇಗಿತ್ತೆಂದು ನನಗೆ ಮಾತ್ರ ಗೊತ್ತು.

ಈಗ ಗಟ್ಟಿಯಾಗಿ ಕುಳಿತುಕೋ.

ಸಿಸ್ಟರ್ ಓದಿ ಮುಗಿಸುವಷ್ಟರಲ್ಲಿ ಪ್ರೊಫೆಸರ್ “ಒಂದ್ನಿಮಿಷ, ಒಂದ್ನಿಮಿಷ!” ಎಂದು ಬೆಂಚಿನ ಮೇಲೇ ಹತ್ತಿಬಿಟ್ಟ. “ಆ ಹುಡುಗೀನ ನಾನು ನೋಡಿದೀನಿ!” ತನ್ನ ಲ್ಯಾಪ್‌ಟಾಪಿನಲ್ಲಿ ಮುಖಪುಟಗಳನ್ನು ಸರಸರನೆ ಸರಿಸಿದ. ಒಂದು ಕಡೆ ನಿಲ್ಲಿಸಿದ. ನಾವೆಲ್ಲ ಅವನ ಮೇಲೆ ಮುಗಿಬಿದ್ದೆವು. ಗೋಪುರ, ದೊಡ್ಡ ಗಡಿಯಾರ, ಬಾಗಿಲ ಮುಂದೆ ಜಡೆಯ ಹುಡುಗಿ. ಆದರೆ ಅದು ಮಕ್ಕಳ ಪತ್ರಿಕೆಯಲ್ಲ ಚಿಕ್ಕಮ್ಮ, ಹೆಂಗಸರ ಮಾಸಪತ್ರಿಕೆ! ಮಕ್ಕಳದ್ದು ನಿಂತಾಗ ಅದರ ಮಾಲೀಕರು ಉಳಿದ ಕಂತನ್ನು ತಮ್ಮ ಇನ್ನೊಂದು ಪತ್ರಿಕೆಯಲ್ಲಿ ಹಾಕಿ ಮುಗಿಸುತ್ತಿದ್ದಾರೆಂದು ಮುಖಪುಟದ ಅಡಿಯಲ್ಲೇ ಅಚ್ಚಾಗಿತ್ತು. ಸ್ವೆಟರ್ ಹೆಣೆಯುವ ವಿಧಾನಕ್ಕೂ ಕೂದಲೆಣ್ಣೆಯ ಜಾಹೀರಾತಿಗೂ ನಡುವೆ ಅದು ಅವಿತುಕೊಂಡಿರುತ್ತದೆಂದು ಯಾರು ತಾನೇ ಊಹಿಸಬೇಕು?

ಮೇಡಂ ಮುಂದಿನ ತರಗತಿಯನ್ನೇ ಕೈಬಿಟ್ಟರು. ಮುಖಪುಟದ ಬ್ಲಾಗಿನವರಿಗೆ ನಾವೆಲ್ಲ ಸೇರಿ ಬರೆದೆವು. ಒಬ್ಬರು ವಾಕ್ಯ ಹೇಳಿದರೆ ಇನ್ನೊಬ್ಬರು ಅಳಿಸುವುದು, ಆ ಗಲಾಟೆ ಕೇಳಬೇಡ. ಊಟದ ಡಬ್ಬಿ ಮುಚ್ಚುವ ಮೊದಲೇ ಉತ್ತರ ಬಂತು. ಆಕೆ ಅಟ್ಟ ಹತ್ತಿ ಆ ಸಂಚಿಕೆ ತೆಗೆದು, ಕಂತಿನ ಪ್ರತಿ ಪುಟದ ಫೋಟೋ ಹಿಡಿದು ಕಳಿಸಿದ್ದರು. ಜೊತೆಗೆ ಒಂದು ಸಾಲು: “ಇಷ್ಟು ದಿನ ಈ ಕಟ್ಟುಗಳನ್ನ ರದ್ದಿಗೆ ಹಾಕು ಅಂತಿದ್ದ ನನ್ನ ಗಂಡನಿಗೆ ಈಗ ಹೋಗಿ ಹೇಳ್ತೀನಿ.”

ನಾನು ಆಗ ಎದ್ದು, ‘ಕೇಳಿ ನೋಡಿ’ ಬರೆದವರು ನನ್ನ ಚಿಕ್ಕಮ್ಮ ಎಂದೆ. ಸಿಸ್ಟರ್ ನನ್ನ ಎರಡೂ ಕೈ ಹಿಡಿದುಕೊಂಡರು. “ಇಷ್ಟೊತ್ತು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯಲ್ಲ ಮಹಾರಾಯ್ತಿ!” ಎಂದು ಬೈದರು.

ಮಧ್ಯಾಹ್ನ ನಾವಿಬ್ಬರೂ ಪುಟಗಳನ್ನು ಪ್ರಿಂಟ್ ಮಾಡಿಸಿಕೊಂಡು ಮೆಟ್ಟಿಲ ಕೆಳಗಿನ ಅಂಗಡಿಗೆ ಹೋದೆವು. ವಾಚ್ ರಿಪೇರಿಯವರು ಅಲ್ಲೇ ಇದ್ದಾರೆ! ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತಿದ್ದರು. ವಿಷಯ ಹೇಳಿದ ಮೇಲೆ ಅದನ್ನು ತೆಗೆಯುವುದನ್ನೂ ಮರೆತು ನಮ್ಮನ್ನೇ ನೋಡಿದರು. ಮೊದಲು ಕೇಳಿದ್ದು ಕಥೆಯನ್ನಲ್ಲ. “ಲೈಬ್ರರಿ ಮೇಡಂ ಎಲ್ಲಿ?” ಎಂದರು. ನೀನು ಕೆಲಸ ಬಿಟ್ಟದ್ದನ್ನು ಹೇಳಿದೆ. ಅವರ ಮುಖ ಬಾಡಿತು. “ನಾನು ಹೋದಾಗಲೆಲ್ಲ ಸಿಗಲಿಲ್ಲ ಅಂತ ಹೇಳೋಕೆ ಅವರು ಎಷ್ಟು ಒದ್ದಾಡೋರು ಗೊತ್ತೇನಮ್ಮ? ಆ ಮುಖ ನೋಡೋಕಾಗ್ದೆ ಹೋಗೋದು ಬಿಟ್ಟೆ. ಬೇಜಾರಾಗಿ ಅಲ್ಲ.”

ಕೇಳಿಸಿತೇ ಚಿಕ್ಕಮ್ಮ? ಅವರಿಗೆ ನಿನ್ನ ಮೇಲೆ ಬೇಸರವೇ ಇರಲಿಲ್ಲ!

ಅಂಗಡಿಯ ಬಾಗಿಲೆಳೆದು ನಮ್ಮನ್ನು ಮನೆಗೆ ಕರೆದುಕೊಂಡು ಹೋದರು. ಅಕ್ಕ ಕಿಟಕಿಯ ಪಕ್ಕ ಉಲ್ಲನ್ ಉಂಡೆ ಸುತ್ತುತ್ತಿದ್ದರು. ತಮ್ಮ ಅವರ ಕಿವಿಯ ಬಳಿ ಬಾಗಿ “ಅಕ್ಕಾ, ಬಾಗಿಲು ತೆಗೀತಂತೆ” ಎಂದರು. ಉಂಡೆ ಕೈಜಾರಿ ಮಂಚದ ಕೆಳಗೆ ಉರುಳಿತು. ಅಕ್ಕ ಮುಖ ಮುಚ್ಚಿಕೊಂಡು ಚಿಕ್ಕ ಹುಡುಗಿಯ ಹಾಗೆ ನಕ್ಕರು, ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಿಸ್ಟರ್ ಗಂಟಲು ಸರಿಮಾಡಿಕೊಂಡು ಓದಲು ಶುರುಮಾಡುವಷ್ಟರಲ್ಲಿ ಅಕ್ಕ ಕೈಯೆತ್ತಿ ತಡೆದರು.

“ತಡೀರಿ. ಆ ಲೈಬ್ರರಿ ಮೇಡಮ್ಮಿಗೆ ಗೊತ್ತಾ, ಒಳಗೆ ಯಾರಿದ್ರು ಅಂತ?”

“ಇಲ್ಲಮ್ಮ, ಅವರಿಗಿನ್ನೂ ಸುದ್ದಿಯೇ ಮುಟ್ಟಿಲ್ಲ” ಎಂದೆ.

“ಹಂಗಾದ್ರೆ ನಮ್ಮಂಗೆ ಅವರೂ ಬಾಗಿಲ ಹೊರಗೇ ನಿಂತಿದ್ದಾರೆ. ಅವರನ್ನ ಬಿಟ್ಟು ನಾವು ಒಳಗೆ ಹೋಗೋದಾ? ಬರ್ಲಿ. ಅವರೇ ಓದ್ಲಿ. ಇಷ್ಟು ವರ್ಷ ಕಾದವಳಿಗೆ ಭಾನುವಾರ ಏನು ದೂರ?”

ತಮ್ಮನೂ ತಲೆಯಾಡಿಸಿದರು. ಪುಟಗಳನ್ನು ಮಡಿಸಿ ನನ್ನ ಕೈಗೇ ವಾಪಸು ಕೊಟ್ಟರು. ನಾನಂತೂ ತರಗತಿಯಲ್ಲೇ ಓದಿಬಿಟ್ಟಿದ್ದೇನೆ. ಹೇಳದೆ ಇರಲು ಎಷ್ಟು ಕಷ್ಟಪಡುತ್ತಿದ್ದೇನೆ ಎಂದು ನಿನಗೆ ಗೊತ್ತಾಗಬೇಕು! ಹೇಳುವುದಿಲ್ಲ. ಪುಟಗಳನ್ನು ಈ ಕಾಗದದ ಜೊತೆ ಇಡುತ್ತಲೂ ಇಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ಬಾ. ನಿಲ್ದಾಣದಲ್ಲಿ ನಾನೂ ಸಿಸ್ಟರೂ ನಿಂತಿರುತ್ತೇವೆ. ಓದುವ ಕನ್ನಡಕ ಮರೆಯಬೇಡ. ಕಿಟಕಿಯ ಪಕ್ಕ ನಿನಗೊಂದು ಕುರ್ಚಿ ಹಾಕಿರುತ್ತಾರೆ.

ನಿನ್ನ ದಾರಿ ಸುಖವಾಗಿರಲಿ, ನಿನ್ನ ದನಿ ಗಟ್ಟಿಯಾಗಿರಲಿ.

ನಿನ್ನನ್ನು ನೋಡಿಯೇ ಈ ಓದಿಗೆ ಬಂದ,
ನಿನ್ನ ವಟವಟಿ