ಹಳೆ ವಿಳಾಸಕ್ಕೆ ಬಂದ ಆರು ಪತ್ರ

ಗುತ್ತಲದ ಕರೆವ್ವಕ್ಕನಿಗೆ, ಅಗಡಿಯಿಂದ ಸುಚಿತ್ರಾ ಮಾಡುವ ನಮಸ್ಕಾರ.

ಮೊದಲು ನನ್ನನ್ನು ಮನಸಾರೆ ಬೈದುಬಿಡಿ. ಬೈದಾದ ಮೇಲೆ ಮುಂದಕ್ಕೆ ಓದಿ. ಇದು ಇ-ಮೇಲ್ ಅಲ್ಲ, ಫೋನು ನಿಮಗೆ ಓದಿ ಹೇಳಬೇಕಾದದ್ದೂ ಅಲ್ಲ. ನಾನು ಬಾಯಲ್ಲಿ ಹೇಳುತ್ತಿದ್ದೇನೆ, ನಮ್ಮ ಬಳಗದ ಬ್ಯಾಡಗಿಯ ಅಶ್ಫಾಕ ಮಾಸ್ತರ ನನ್ನ ಪಕ್ಕದಲ್ಲಿ ಕೂತು ಒಂದೊಂದೇ ಚುಕ್ಕಿ ಚುಚ್ಚಿ ಬ್ರೈಲಿನಲ್ಲಿ ಇಳಿಸುತ್ತಿದ್ದಾನೆ. ಅಂಧರ ಶಾಲೆಯಲ್ಲಿ ಕಲಿತ ಬ್ರೈಲನ್ನು ನೀವು ಬಿಟ್ಟು ಎಷ್ಟೋ ವರ್ಷವಾಯಿತು ಅಂತ ಗೊತ್ತು. ನಿಧಾನವಾಗಿ ಓದಿ, ಅವಸರವೇನಿಲ್ಲ.

ಮೊನ್ನೆ ನಿಮಗೆ ಫೋನ್ ಮಾಡಿದ್ದೆ. ಎತ್ತಿದವಳು ನಿಮ್ಮ ತಂಗಿಯ ಮಗಳು ರೋಹಿಣಿ. "ದೊಡ್ಡವ್ವಗ ಫೋನಿನ್ಯಾಗ ಈಗ ಏನೂ ಕೇಳಸಂಗಿಲ್ರಿ. ಏನರ ಹೇಳೂದಿದ್ರ ನನಗ ಹೇಳ್ರಿ" ಅಂದಳು. ನಿಮಗೆ ಹೇಳಬೇಕಾದದ್ದನ್ನು ಆ ಹುಡುಗಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಆಮೇಲೆ ಮಾಡುತ್ತೇನೆ ಅಂತ ಇಟ್ಟುಬಿಟ್ಟೆ.

ಕರೆವ್ವಕ್ಕ, ನೀವು ನಮ್ಮ ಓದುಗರ ಬಳಗಕ್ಕೆ ಬರೆದ ಆರು ಪತ್ರಗಳನ್ನು ಯಾರೂ ಓದಿಲ್ಲ. ಓದಿ ಸುಮ್ಮನಾದವರು ಒಬ್ಬರೂ ಇಲ್ಲ. ಪತ್ರ ಯಾರ ಕೈಗೂ ಹೋಗಲೇ ಇಲ್ಲ. ತಪ್ಪು ಪೂರ್ತಿ ನನ್ನದು.

ನಿಮಗೆ ಗೊತ್ತಿದ್ದದ್ದನ್ನೇ ಮತ್ತೆ ಹೇಳುತ್ತೇನೆ, ಹೇಳಿದರೆ ನನಗೆ ಸ್ವಲ್ಪ ಹಗುರಾಗುತ್ತದೆ. ರಾಣೆಬೆನ್ನೂರಿನ ಮಲ್ಲೇಶಪ್ಪ ಸರ್ ಕಣ್ಣಿಲ್ಲದವರಿಗಾಗಿ ಕಟ್ಟಿದ ಬಳಗ ಇದು. ಒಂದೇ ವಿಳಾಸ, ಅದಕ್ಕೆ ಬರೆದರೆ ಮುನ್ನೂರು ಮಂದಿಗೂ ಮುಟ್ಟುತ್ತದೆ, ಫೋನು ಅವರವರಿಗೆ ಓದಿ ಹೇಳುತ್ತದೆ. ಸರ್‌ಗೂ ಕಣ್ಣಿರಲಿಲ್ಲ. ಹಾವೇರಿಯ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ದುಡಿಯುವ ನನ್ನನ್ನು ಅವರು ಎಂಟು ವರ್ಷದ ಹಿಂದೆ ಹಿಡಿದು ತಂದು, ಇದರ ಸರ್ವರ್, ಅಂದರೆ ಪತ್ರ ಹಂಚುವ ಯಂತ್ರ, ನೋಡಿಕೊಳ್ಳಲು ಕೂಡಿಸಿದರು. ಹೋದ ಆಷಾಢದಲ್ಲಿ ಸರ್ ತೀರಿಕೊಂಡರು. ಅವರ ಬಗ್ಗೆ ನೀವು ಬಳಗಕ್ಕೆ ಬರೆದ ಪತ್ರ ಓದಿ ಅವತ್ತು ನಾನು ಬಸ್ಸಿನಲ್ಲೇ ಅತ್ತಿದ್ದೆ.

ಸರ್ ಹೋದ ಮೇಲೆ ಆ ಹಳೆ ಸರ್ವರ್ ಬಾಡಿಗೆಗೆ ಕೊಟ್ಟವರು ಇನ್ನೆರಡು ತಿಂಗಳಲ್ಲಿ ಅಂಗಡಿ ಮುಚ್ಚುತ್ತೇವೆ, ಬೇರೆ ಕಡೆ ಹೋಗಿ ಅಂದರು. ಹೊಸದನ್ನು ಹಿಡಿದು ಪತ್ರ ಹಂಚುವ ಸಾಫ್ಟ್‌ವೇರನ್ನು ಮೊದಲಿನಿಂದ ಹಾಕಬೇಕಾಯಿತು. ಹಾಕುವಾಗ ಅದು ಕೇಳುವ ದೊಡ್ಡ ಪ್ರಶ್ನೆಯೇ ಹೆಸರಿನದು. ಈ ಯಂತ್ರದ ಹೋಸ್ಟ್‌ನೇಮ್, ಅಂದರೆ ವಿಳಾಸದ ಕೊನೆಗೆ ಬರುವ ಹೆಸರು, ಏನು, ಯಾವ ಯಾವ ಹೆಸರಿಗೆ ಬಂದ ಪತ್ರವನ್ನು ನನ್ನದು ಅಂತ ತೆಗೆದುಕೊಳ್ಳಲಿ, ಹೀಗೆ. ಸರ್ ಇದನ್ನು ನನಗೆ ಮೊದಲೇ ಹೇಳಿಟ್ಟಿದ್ದರು. "ಸುಚಿತ್ರಾ, ಮಶೀನ್ ಬದಲಿ ಮಾಡಿದ್ರ ಹಳೇ ಹೆಸರ ಬಿಡಬ್ಯಾಡವಾ. ಅದನ್ನೂ ಹೊಸದರ ಕಡೆ ತಿರುವು. ಯಾವ ಹೆಸರಿಂದ ಕರದ್ರೂ ಓ ಅನ್ನಬೇಕದು. ನಮ್ಮ ಮಂದಿ ಲಗೂ ಬದಲಾಗೂದಿಲ್ಲ."

ನಾನು ಒಂದೇ ಹೆಸರು ಬರೆದೆ. ಹೊಸದನ್ನಷ್ಟೇ. ಮೂರು ವಾರದ ಪರೀಕ್ಷೆ ಕೆಲಸ ಮುಗಿಸಿ, ಬೆನ್ನು ಬಿದ್ದುಹೋಗುವಂತಾಗಿದ್ದ ಶನಿವಾರದ ಮಧ್ಯಾಹ್ನ ಅದು. ಎರಡನೆಯ ಹೆಸರು ಸೇರಿಸಿದರೆ ಇನ್ನೂ ನಾಲ್ಕು ಕಡೆ ತಿದ್ದಬೇಕಿತ್ತು. ಯಾರಿಗೆ ಬೇಕಪ್ಪ ಈ ಬಿಟ್ಟಿ ಚಾಕರಿ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಹಳೆ ವಿಳಾಸಕ್ಕೆ ಬರುವ ಪತ್ರಗಳನ್ನು ಅಲ್ಲೇ ತಡೆದಿಡು ಅಂತ ಹಳೆ ಯಂತ್ರಕ್ಕೆ ಹೇಳಿ, ವಿಳಾಸ ಬದಲಾಗಿದೆ ಎಂದು ಎಲ್ಲರಿಗೂ ಒಂದು ಸುತ್ತೋಲೆ ಕಳಿಸಿ, ಬಸ್ ಹತ್ತಿ ಅಗಡಿಗೆ ಬಂದು ಮಲಗಿಬಿಟ್ಟೆ.

ನಿಮ್ಮ ರೂಢಿ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! ನೀವು ಯಾವತ್ತೂ ವಿಳಾಸ ಬರೆದವರಲ್ಲ. ನೀವು ಬಳಗಕ್ಕೆ ಸೇರಿದ ದಿನ ಸರ್ ಬರೆದ "ಬರ್ರಿ ಕರೆವ್ವ, ಕುಂದ್ರಿ, ಇಲ್ಲಿ ಎಲ್ಲಾರೂ ನಿಮ್ಮವರ" ಅನ್ನುವ ಪತ್ರವನ್ನು ಕಾಯ್ದಿಟ್ಟುಕೊಂಡು, ಏನು ಹೇಳುವುದಿದ್ದರೂ ಅದನ್ನೇ ತೆಗೆದು ಅದಕ್ಕೇ ಉತ್ತರ ಬರೆಯುತ್ತೀರಿ. ಮೆಣಸಿನಕಾಯಿ ಚಟ್ನಿ ಮಾಡುವ ರೀತಿ ಬರೆದರೂ ಅದರ ತಲೆಬರಹ "ಬರ್ರಿ ಕರೆವ್ವ". ನಾವೆಲ್ಲ ಅದಕ್ಕೆ ಎಷ್ಟು ನಕ್ಕಿದ್ದೇವೆ, ನೀವೂ ನಕ್ಕಿದ್ದೀರಿ. ಆ ಪತ್ರದ ಹೊಟ್ಟೆಯಲ್ಲಿರುವುದು ಹಳೆ ವಿಳಾಸ. ಹಾಗಾಗಿ ಶನಿವಾರಕ್ಕೊಂದರಂತೆ ನೀವು ಬರೆದದ್ದೆಲ್ಲ ಹಳೆ ಯಂತ್ರಕ್ಕೇ ಹೋಗಿ ಅಲ್ಲೇ ಕೂತಿತು. ಬೇರೆಯವರ ಪತ್ರಗಳು ಮಾತ್ರ ಹೊಸ ಕಡೆಯಿಂದ ನಿಮಗೆ ದಿನವೂ ಬರುತ್ತಿದ್ದವು. ಎಲ್ಲರೂ ತಮ್ಮತಮ್ಮಲ್ಲಿ ಮಾತಾಡುತ್ತಿದ್ದಾರೆ, ನನಗೊಬ್ಬಳಿಗೇ ಉತ್ತರವಿಲ್ಲ ಅಂತ ನಿಮಗೆ ಅನ್ನಿಸಿದ್ದು ಸಹಜ.

ಹೀಗೆ ತಡೆದ ಪತ್ರಗಳಿದ್ದರೆ ಆ ಯಂತ್ರ ಬಳಗದ ಮಾಲೀಕರಿಗೆ ದಿನಾ ಬೆಳಿಗ್ಗೆ ತಿಳಿಸುತ್ತದೆ. ತಿಳಿಸುತ್ತಲೇ ಇತ್ತು ಕೂಡ. ಆದರೆ ಮಾಲೀಕರ ಜಾಗದಲ್ಲಿ ಇನ್ನೂ ಸರ್ ಹೆಸರಿತ್ತು. ಅದನ್ನು ಅಳಿಸಲು ನನಗೆ ಮನಸ್ಸಾಗಿರಲಿಲ್ಲ, ಇರಲಿ ಬಿಡು ಅಂದುಕೊಂಡಿದ್ದೆ. ಕರೆವ್ವನ ಪತ್ರ ಕಾಯುತ್ತಿದೆ, ಕರೆವ್ವನ ಪತ್ರ ಕಾಯುತ್ತಿದೆ ಅಂತ ಅದು ಆರು ವಾರ ತೀರಿಕೊಂಡವರಿಗೆ ಹೇಳುತ್ತಿತ್ತು.

ಹೋದ ಸೋಮವಾರ ಹಳೆ ಯಂತ್ರ ಅಳಿಸಲು ಕೂತಾಗ ಅವು ಸಿಕ್ಕವು. ಮೊದಲನೆಯದರಲ್ಲಿ, "ಎಡಗಿವಿ ಪೂರಾ ಬಂದ್ ಆಗೇತಿ, ಬಲಗಿವ್ಯಾಗ ಗುಂಯ್ ಅಂತೈತಿ. ಯಾರಿಗರ ಹಿಂಗ ಆಗಿತ್ತೇನ್ರಿ?" ಮೂರನೆಯದರಲ್ಲಿ, "ಕಣ್ಣಂತೂ ಇಲ್ಲ, ಕಿವಿನೂ ಹೋದ್ರ ನಾ ಹೆಂಗ ಓದ್ಲಿ? ಯಾರರ ಹೇಳ್ರಿ." ಐದನೆಯದರಲ್ಲಿ ಒಂದೇ ಸಾಲು, "ಎಲ್ಲಾರೂ ಆರಾಮ ಅದೀರಿಲ್ಲೋ?" ಆರನೆಯದನ್ನು ಓದುವಾಗ ಲ್ಯಾಬಿನಿಂದ ಎದ್ದು ಹೊರಗೆ ಹೋಗಬೇಕಾಯಿತು. "ನಾ ಏನರ ತಪ್ಪ ಮಾತಾಡಿದ್ರ ಹೊಟ್ಟ್ಯಾಗ ಹಾಕ್ಕೋರಿ. ಕಿವುಡಿ ಕೂಡ ಯಾರ ಮಾತಾಡ್ತಾರ? ಇನ್ನ ಬರಿಯಂಗಿಲ್ಲ."

ಅಯ್ಯೋ ಅಕ್ಕ, ಯಾರು ಮಾತಾಡುವುದಿಲ್ಲ ನಿಮ್ಮ ಹತ್ತಿರ!

ಅಶ್ಫಾಕನಿಗೆ ಇವನ್ನು ಓದಿ ಹೇಳಿದಾಗ ಅವನು ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೊದಲನೇ ವಾರನ ಗೊತ್ತಾಗಿದ್ರ ಅವತ್ತ ಹೇಳ್ತಿದ್ನೆಲ್ರಿ ಅಕ್ಕಾರ. ನನ್ನ ಕಡೆ ಒಂದು ಮಶೀನ್ ಸುಮ್ಮನ ಬಿದ್ದೈತಿ" ಅಂದ. ಫೋನಿಗೆ ಜೋಡಿಸಿದರೆ ಬಂದ ಪತ್ರವೆಲ್ಲ ಬೆರಳಿನ ಅಡಿಯಲ್ಲಿ ಬ್ರೈಲ್ ಚುಕ್ಕಿಯಾಗಿ ಏಳುವ ಯಂತ್ರವಂತೆ. ಕಿವಿಯ ಹಂಗಿಲ್ಲದೆ ಓದಬಹುದು. ನಿಮ್ಮ ಪ್ರಶ್ನೆಗೆ ಉತ್ತರ ಬ್ಯಾಡಗಿಯ ಕಪಾಟಿನಲ್ಲಿ ಇತ್ತು, ನೀವು ಗುತ್ತಲದಲ್ಲಿ ಕಾಯುತ್ತಿದ್ದಿರಿ, ನಡುವೆ ನಾನು ಬರೆಯದೆ ಬಿಟ್ಟ ಒಂದು ಹೆಸರು.

ಈಗ ಹಳೆ ಹೆಸರನ್ನೂ ಸೇರಿಸಿದ್ದೇನೆ. ನಿಮ್ಮ ಹಾಗೆಯೇ ಇನ್ನೂ ಎಂಟು ಮಂದಿ ಸಿಕ್ಕಿಬಿದ್ದಿದ್ದರು, ಅವರಿಗೂ ಒಬ್ಬೊಬ್ಬರಿಗೆ ಫೋನ್ ಮಾಡಿ ಹೇಳಿದೆ. ರಾಣೆಬೆನ್ನೂರಿನ ಕಿವಿ ಡಾಕ್ಟರ ಕಡೆ ಬರುವ ಗುರುವಾರಕ್ಕೆ ನಿಮ್ಮ ನಂಬರ್ ಹಚ್ಚಿಸಿದ್ದೇನೆ. ಬುಧವಾರ ನಾನೂ ಅಶ್ಫಾಕನೂ ಆ ಯಂತ್ರ ಹಿಡಿದುಕೊಂಡು ಗುತ್ತಲಕ್ಕೆ ಬರುತ್ತೇವೆ. ಬಾಗಿಲು ಹಾಕಿಕೊಂಡರೂ ಕಟ್ಟೆಯ ಮೇಲೆ ಕೂಡುತ್ತೇವೆ. ನಿಮ್ಮ ಐದು ಪತ್ರಗಳನ್ನು ಬಳಗಕ್ಕೆ ಬಿಡಲೇ, ಬೇಡವೇ ಅಂತ ಅವತ್ತು ಹೇಳಿ. ಆರನೆಯದನ್ನು ಮಾತ್ರ ನೀವು ಹೇಳಿದರೂ ಬಿಡುವುದಿಲ್ಲ.

ನನಗೆ ದಣಿವಾಗಿದೆ ಅಕ್ಕ. ಸರ್ ಇದ್ದಾಗಲೂ ಇಷ್ಟೇ ಕೆಲಸವಿತ್ತು, ಇಷ್ಟು ಭಾರ ಅನ್ನಿಸುತ್ತಿರಲಿಲ್ಲ. ದಣಿದೆ ಅನ್ನುವುದು ನೆಪವಲ್ಲ, ಅದಕ್ಕೆ ಕ್ಷಮೆಯನ್ನೂ ಕೇಳುವುದಿಲ್ಲ. ಕ್ಷಮೆ ಕೇಳುವುದು ಆ ಆರು ಶನಿವಾರಗಳಿಗೆ.

ಈಗಷ್ಟೇ ನಡುವೆ ನಾನು ಹೇಳುವುದನ್ನು ನಿಲ್ಲಿಸಿ ಹೊತ್ತಾಗಿದ್ದರೂ ಅಶ್ಫಾಕ ಇನ್ನೂ ಚುಚ್ಚುತ್ತಲೇ ಇದ್ದ. ಏನು ಬರೆಯುತ್ತಿದ್ದೀಯೋ ಅಂತ ಕೇಳಿದರೆ "ಅದು ನಿಮಗಲ್ರಿ, ಕರೆವ್ವಕ್ಕಗ" ಅಂದ. ಹಾಳೆಯನ್ನು ತಿರುಗಿಸಿ ನೋಡಿದೆ, ಬೆರಳು ಆಡಿಸಿದೆ. ನನ್ನ ಕಣ್ಣ ಮುಂದೆಯೇ ಮಾತಿದೆ, ಅದರಲ್ಲಿ ನನ್ನದೂ ಸುದ್ದಿ ಇರಬಹುದು, ಬ್ರೈಲ್ ಬಾರದ ನನಗೆ ಒಂದಕ್ಷರವೂ ಮುಟ್ಟುತ್ತಿಲ್ಲ. ಎರಡು ನಿಮಿಷಕ್ಕೇ ನನಗೆ ಅಳು ಬಂತು. ನೀವು ಆರು ವಾರ ಹೀಗೆ ಕೂತಿದ್ದಿರಿ.

ಬಲಗಿವಿ ನಿಮ್ಮ ಪಾಲಿಗೆ ಉಳಿಯಲಿ, ಉಳಿಯದಿದ್ದರೂ ನಾವಿದ್ದೇವೆ. ಬುಧವಾರ ಬಾಗಿಲು ತೆಗೆಯಿರಿ.

ನಿಮ್ಮ ಬೈಗುಳಕ್ಕೆ ಕಾದಿರುವ,
ಸುಚಿತ್ರಾ