ಮದರಂಗಿ ಕೈಯ ಲೆಕ್ಕ

ಅಕ್ಕ ದಾಕ್ಷಾಯಿಣಿ,

ನೀನು ಫೋನ್ ಎತ್ತುವುದನ್ನು ಬಿಟ್ಟಿದ್ದೀಯ, ಅದಕ್ಕೇ ಈ ಕಾಗದ. ಹರಿದುಹಾಕುವ ಮುಂಚೆ ಓದು. ಇದರಲ್ಲಿ ಜಗಳವಿಲ್ಲ, ನಿನ್ನ ಮಗಳು ಶಿವಗಂಗಾ ಇದ್ದಾಳೆ.

ನಿನ್ನ ನಾದಿನಿ ಲತಾಳ ಮದುವೆಯ ಹಿಂದಿನ ದಿನ, ಹೊಸದುರ್ಗದ ನಿಮ್ಮ ಪಡಸಾಲೆಯಲ್ಲಿ ಹೆಂಗಸರೆಲ್ಲ ಮದರಂಗಿ ಹಚ್ಚಿಸಿಕೊಳ್ಳುತ್ತಿದ್ದರು. ಶಿವಗಂಗಾಳ ಎರಡೂ ಕೈಗೆ ಬೆರಳ ತುದಿಯವರೆಗೆ ಮೆತ್ತಿಸಿ ನೀನು ಅಂದೆ: “ಈಗ ಹೆಂಗೆ ಗೆಣ್ಣು ಎಣಿಸ್ತೀಯ ನೋಡಾಣ. ಎಂಟಕ್ಕೆ ಐದು ಕೂಡಿಸಿದ್ರೆ ಎಷ್ಟೇ?” ಎರಡನೇ ಕ್ಲಾಸಿನ ಹುಡುಗಿ, ಬೆರಳು ಅಗಲಿಸಿಕೊಂಡು ಕೂತಿದ್ದವಳು, ತಡೆದು ತಡೆದು “ಹದಿಮೂರು” ಅಂದಳು. ರಾಜಕುಮಾರ್ ಭಾವ ಚಪ್ಪಾಳೆ ತಟ್ಟಿದರು. “ನೋಡ್ರಿ, ಕೈ ಕಟ್ಟಿದ್ರೆ ತಲೆ ಓಡ್ತೈತೆ” ಎಂದು ನೀನು ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದೆ.

ಅವಳ ಕೆನ್ನೆ ಒಳಗಿನಿಂದ ಅಲುಗಿದ್ದನ್ನು ನಾನು ನೋಡಿದೆ. ನಾಲಿಗೆಯಿಂದ ಹಲ್ಲು ಎಣಿಸುತ್ತಿದ್ದಳು ಅಕ್ಕ. ಹಿತ್ತಿಲಲ್ಲಿ ಕೈ ತೊಳೆಸುವಾಗ ಮೆಲ್ಲಗೆ ಕೇಳಿದಳು: “ಚಿಕ್ಕಮ್ಮ, ಮುಂದಿನ ಹಲ್ಲು ಅಲ್ಲಾಡ್ತೈತೆ. ಬಿದ್ದೋದ್ರೆ ಲೆಕ್ಕ ಹೆಂಗ್ ಮಾಡ್ಲಿ? ಅಮ್ಮಂಗೆ ಹೇಳ್ಬ್ಯಾಡ.”

ಹೇಳಲಿಲ್ಲ. ಬೆರಳು ಎಣಿಸಲು ಬಿಡು ಎಂದಷ್ಟೇ ಅಡುಗೆಮನೆಯಲ್ಲಿ ನಿನ್ನೊಡನೆ ವಾದಿಸಿದೆ. ನೀನು ಸೌಟು ಹಿಡಿದೇ ತಿರುಗಿದೆ: “ಮಕ್ಳು ಹೆತ್ತಿಲ್ಲ, ಸಾಕಿಲ್ಲ, ನಾಕು ಕಿರುಪುಸ್ತಕ ಓದ್ಕಂಡು ನನಗೆ ಪಾಠ ಮಾಡಾಕ್ ಬಂದ್ಯೇನ್ ಲೇ ಮಮತಾ? ಹೋಗಿ ಹಿರಿಯೂರು ಬಸ್‌ಸ್ಟ್ಯಾಂಡ್‌ನಾಗೆ ಮಾಡು ಭಾಷಣ!”

ಹೌದು, ಮಕ್ಕಳಿಗೆ ಲೆಕ್ಕ ಕಲಿಸುವ ಕಿರುಪುಸ್ತಕಗಳನ್ನೇ ಓದಿದ್ದೇನೆ, ಇನ್ನೂ ಓದುತ್ತೇನೆ. ಬೆರಳು ನಾಚಿಕೆಪಡುವ ವಸ್ತುವಲ್ಲ. ಬೇಡವೆನಿಸಿದಾಗ ಮಗುವೇ ಅದನ್ನು ಬಿಡುತ್ತದೆ. ಹೆದರಿಸಿ ಬಿಡಿಸಿದರೆ ಬಚ್ಚಿಟ್ಟುಕೊಂಡು ಎಣಿಸುತ್ತದೆ, ಸ್ವಂತ ತಾಯಿಯಿಂದಲೇ ಬಚ್ಚಿಟ್ಟುಕೊಂಡು. ಇದನ್ನು ನಾನು ಯಾರ ಮುಂದೆಯಾದರೂ ಹೇಳುತ್ತೇನೆ.

ಆದರೆ ಇಲ್ಲಿ ನನ್ನ ಮುಂದೆ ಯಾರೂ ಇಲ್ಲ. ನಮ್ಮ ಜಗಳಕ್ಕೆ ಮುಂಚೆ ಸಂಜೆಯ ಹೊತ್ತಿಗೆ ಶಿವಗಂಗಾ ನಿನ್ನ ಫೋನಿನಿಂದ ಕರೆ ಮಾಡಿ ಅಂದಿನ ಲೆಕ್ಕ ಒಪ್ಪಿಸುತ್ತಿದ್ದಳು. ಈಗ ಹೈವೇ ಪಕ್ಕದ ಈ ಕೋಣೆಯಲ್ಲಿ ಲಾರಿಗಳ ಹಾರನ್ ಮಾತ್ರ. ಅನ್ನ ಬೇಯುವವರೆಗೂ ಒಲೆಯ ಮುಂದೆ ಸುಮ್ಮನೆ ನಿಂತಿರುತ್ತೇನೆ. ಸರಿಯಾದ ಮಾತು ಆಡಿದವರಿಗೆ ಜೊತೆ ಸಿಗುತ್ತದೆ ಎಂದು ಯಾವ ಪುಸ್ತಕವೂ ಹೇಳಿರಲಿಲ್ಲ, ನಾನೇ ಅಂದುಕೊಂಡಿದ್ದೆ.

ಇವತ್ತು ಅವಳ ಗುಟ್ಟು ಬಿಟ್ಟುಕೊಟ್ಟಿದ್ದೇನೆ. ನಿನಗೆ ಗೊತ್ತಾಯಿತು ಎಂದು ಅವಳಿಗೆ ತೋರಿಸಬೇಡ. ಸುಮ್ಮನೆ ಪಕ್ಕದಲ್ಲಿ ಕೂತು, ಅವರೆಕಾಯಿ ಸುಲಿಯುತ್ತಲೇ, “ಹೆಂಗ್ ಮಾಡ್ದೆ, ನನಗೂ ತೋರ್ಸು” ಅನ್ನು. ತಪ್ಪಿದರೂ ತಡೆಯಬೇಡ. ನಾನು ಹೇಳಿಕೊಟ್ಟೆ ಎನ್ನುವುದೂ ಬೇಡ, ನಿನಗೇ ತೋಚಿದ್ದು ಅಂದುಕೋ. ನನ್ನ ಮೇಲಿನ ಕೋಪವನ್ನು ಬೇಕಾದಷ್ಟು ದಿನ ಇಟ್ಟುಕೋ. ಅವಳು ನಿನ್ನ ಎದುರಲ್ಲೇ ಬೆರಳು ಮಡಿಸಿ ಎಣಿಸುವಂತಾದರೆ, ನನಗೆ ಫೋನ್ ಮಾಡುವ ಅಗತ್ಯವೇ ಅವಳಿಗೆ ಬೀಳುವುದಿಲ್ಲ. ಹಾಗೇ ಆಗಲಿ.

ಮಗಳು ನಿನ್ನ ಮಗ್ಗುಲಲ್ಲೇ ಹೆದರಿಕೆಯಿಲ್ಲದೆ ಬೆಳೆಯಲಿ.

ನಿನ್ನ ತಂಗಿ,
ಮಮತಾ
ಹಿರಿಯೂರು